ಒಪ್ಪಂದಕ್ಕೆ ಒತ್ತೆಯಾದ ಇಬ್ಬರು ಬಾಲಕರು

ಶ್ರೀರಂಗಪಟ್ಟಣವೆಂದೊಡನೆ ನಮಗೆ ನೆನಪಾಗುವುದು 1799ರ ಮೇ 4, ಟಿಪ್ಪು ಸುಲ್ತಾನರು ಹುತಾತ್ಮರಾದ ದಿನ. ಅದಕ್ಕೂ ಏಳು ವರ್ಷ ಮೊದಲು ಅದೇ ಕೋಟೆಯಿಂದ ಶತ್ರುವಿನ ಪಾಳೆಯಕ್ಕೆ ಹೊರಟ ಅವರ ಇಬ್ಬರು ಮಕ್ಕಳನ್ನು ನಾವು ನೆನೆಯುವುದು ಅಪರೂಪ.

1792ರ ಫೆಬ್ರವರಿಯಲ್ಲಿ ಇಂಗ್ಲಿಷ್ ಕಂಪೆನಿ, ಮರಾಠರು ಮತ್ತು ನಿಜಾಮರ ಸೇನೆಗಳು ಹಿರೋಡೆಯ, ಅಂದರೆ ಇಂದಿನ ಪಾಂಡವಪುರದ, ಬಳಿ ಬೀಡುಬಿಟ್ಟವು. ಅದೇ ಯುದ್ಧದಲ್ಲಿ ಮರಾಠಾ ಪಡೆಗಳು ನಾಗಮಂಗಲವನ್ನು ಹಾಳುಗೆಡವಿದವು. ರಾಜಧಾನಿಗೆ ಮುತ್ತಿಗೆ ಬಿದ್ದಾಗ ಸುಲ್ತಾನರು ಸಂಧಿಗೆ ಒಪ್ಪಬೇಕಾಯಿತು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಸೆರೆಯಾಳುಗಳ ಬಿಡುಗಡೆ ಮತ್ತು ಈ ಕರಾರುಗಳು ಈಡೇರುವವರೆಗೆ ಇಬ್ಬರು ಪುತ್ರರ ಒತ್ತೆ ಅದರ ಷರತ್ತುಗಳಾಗಿದ್ದವು.

ಫೆಬ್ರವರಿ 26ರಂದು ಸುಮಾರು ಹತ್ತು ವರ್ಷದ ಅಬ್ದುಲ್ ಖಾಲಿಕ್ ಮತ್ತು ಎಂಟು ವರ್ಷದ ಮುಇಝುದ್ದೀನ್ ಆನೆಯೇರಿ ಹೊರಟರು. ವಕೀಲರಾದ ಗುಲಾಮ್ ಅಲಿ ಖಾನ್ ಅವರನ್ನು ಕಾರ್ನ್‌ವಾಲಿಸನಿಗೆ ಒಪ್ಪಿಸಿದರು. ಆತ ಮಕ್ಕಳನ್ನು ಆದರದಿಂದ ಬರಮಾಡಿಕೊಂಡು ಚಿನ್ನದ ಗಡಿಯಾರಗಳನ್ನಿತ್ತನು. ಇಂಗ್ಲಿಷ್ ಚಿತ್ರಕಾರರು ಆತನನ್ನು ವಾತ್ಸಲ್ಯದ ತಂದೆಯಂತೆ ಚಿತ್ರಿಸಿದರು.

ಆ ಚಿತ್ರಗಳಲ್ಲಿ ಕಾಣದ ಸಂಗತಿಯೊಂದಿದೆ. ಬಿಟ್ಟುಕೊಡಬೇಕಾದ ಪ್ರದೇಶಗಳ ಪಟ್ಟಿಯಲ್ಲಿ ಕೊಡಗನ್ನೂ ಸೇರಿಸಲಾಯಿತು. ಮಿತ್ರಪಕ್ಷಗಳ ಗಡಿಗೆ ಹೊಂದಿದ ಭೂಮಿ ಮಾತ್ರ ಕರಾರಿಗೆ ಒಳಪಟ್ಟಿದೆ, ಕೊಡಗು ಅಂಥದ್ದಲ್ಲ ಎಂಬುದು ಸುಲ್ತಾನರ ಆಕ್ಷೇಪ. ತನಗೆ ನೆರವಾದ ಕೊಡಗಿನ ಅರಸನನ್ನು ಕೈಬಿಡಲು ಕಾರ್ನ್‌ವಾಲಿಸನೂ ಸಿದ್ಧನಿರಲಿಲ್ಲ. ಆಗ ಬಾಲಕರ ಕಾವಲಿನವರ ಆಯುಧಗಳನ್ನು ಕಸಿದುಕೊಂಡು, ಅವರನ್ನು ಮದ್ರಾಸಿನ ಕಡೆಗೆ ಹೊರಡಿಸಲಾಯಿತು. ಮುತ್ತಿಗೆಯ ಸಿದ್ಧತೆಯೂ ಮತ್ತೆ ಆರಂಭವಾಯಿತು. ನಿರಾಕರಿಸಿದರೆ ಮಕ್ಕಳೂ ಇಲ್ಲ, ರಾಜಧಾನಿಯೂ ಇಲ್ಲ. ಮಾರ್ಚ್‌ನಲ್ಲಿ ಸುಲ್ತಾನರು ಸಹಿ ಹಾಕಿದರು.

ಒತ್ತೆಯಾಳು ಒಪ್ಪಂದವನ್ನು ಕಾಯುತ್ತಾನೆಂದು ಹೇಳುವುದುಂಟು. ಆದರೆ ಒತ್ತೆಯಾಳು ಯಾರ ಕೈಯಲ್ಲಿರುತ್ತಾನೋ, ಒಪ್ಪಂದದ ಅರ್ಥ ಹೇಳುವ ಅಧಿಕಾರವೂ ಅವರ ಪಾಲಾಗುತ್ತದೆ. ಇಂದು ಪರದೇಶದಲ್ಲಿ ತನ್ನ ಪ್ರಜೆಯನ್ನು ಒತ್ತೆಯಿಟ್ಟಾಗ ಪ್ರತಿಯೊಂದು ಸರಕಾರ ಎದುರಿಸುವ ಸಂಕಟವೂ ಇದೇ: ಮಣಿದರೆ ಬೆಲೆ ಏರುತ್ತದೆ, ಮಣಿಯದಿದ್ದರೆ ಜೀವ ಹೋಗಬಹುದು.

ಹುದೈಬಿಯಾದಲ್ಲಿ ಪ್ರವಾದಿವರ್ಯರು(ಸ) ಇದಕ್ಕೆ ಸಮೀಪದ ಪರೀಕ್ಷೆಯನ್ನು ಎದುರಿಸಿದರು. ಸಂಕೋಲೆಯೊಡನೆ ಓಡಿಬಂದ ಅಬೂ ಜಂದಲ್‌ರನ್ನು(ರ) ಕರಾರಿನಂತೆ ಹಿಂದಿರುಗಿಸಬೇಕಾಯಿತು. ಸಹಾಬಿಗಳ ಹೃದಯ ಮರುಗಿತು. ಕೊಟ್ಟ ಮಾತು ಮುರಿಯಲಿಲ್ಲ.

ಸುಲ್ತಾನರೂ ಕಂತುಗಳನ್ನು ತೀರಿಸಿದರು. ಆ ಹಣಕ್ಕಾಗಿ ಅಧಿಕಾರಿಗಳ ಮೇಲೂ ಯುದ್ಧದಿಂದ ಬಳಲಿದ್ದ ಪ್ರಜೆಗಳ ಮೇಲೂ ವಂತಿಗೆ ಬಿತ್ತು. 1794ರ ಮಾರ್ಚ್‌ನಲ್ಲಿ, ಎರಡು ವರ್ಷಗಳ ಬಳಿಕ, ದೇವನಹಳ್ಳಿಯಲ್ಲಿ ಮಕ್ಕಳು ತಂದೆಯ ಮಡಿಲು ಸೇರಿದರು. ಅವರ ಬಿಡುಗಡೆಗೆ ಬೆಲೆ ತೆತ್ತವರಲ್ಲಿ ಹೆಸರಿಲ್ಲದ ರೈತರೂ ಇದ್ದರು. ಸುಲ್ತಾನರನ್ನು ಸ್ಮರಿಸುವಾಗ ಆ ರೈತರಿಗೂ ನಮ್ಮ ದುಆದಲ್ಲಿ ಪಾಲಿರಲಿ.