ಕೆಂಪು ಫಲಕದ ಗಾಡಿ

ಮೋಟಾರು ಗಾಡಿಗಳಿಗೆ ನಂಬರು ಕೊಡುವ ಪದ್ಧತಿ ಹುಟ್ಟಿದ್ದು ಗೌರವದಿಂದಲ್ಲ, ಸಂಶಯದಿಂದ. ಬೀದಿಗೆ ಹೊಸದಾಗಿ ಬಂದ ಈ ಯಂತ್ರ ಯಾರದು, ಯಾರಿಗಾದರೂ ಬಡಿದು ಓಡಿಹೋದರೆ ಅದನ್ನು ಗುರುತಿಸುವುದು ಹೇಗೆ ಎಂಬ ಆತಂಕವೇ ಅದರ ಮೂಲ. 1893ರಲ್ಲಿ ಪ್ಯಾರಿಸ್ ನಗರದ ಪೊಲೀಸರು, ಪ್ರತಿಯೊಂದು ಮೋಟಾರು ಗಾಡಿಯೂ ತನ್ನ ಒಡೆಯನ ಹೆಸರು, ವಿಳಾಸ ಮತ್ತು ಸಂಖ್ಯೆಯುಳ್ಳ ತಗಡೊಂದನ್ನು ಹೊತ್ತಿರಬೇಕೆಂದು ಆಜ್ಞೆ ಮಾಡಿದರು. ಇಂಗ್ಲೆಂಡಿನಲ್ಲಿ ಈ ಭಯ ಇನ್ನೂ ಹಿಂದಿನದು. ಅಲ್ಲಿನ 1865ರ ಕಾಯಿದೆಯಂತೆ, ಯಂತ್ರಬಲದಿಂದ ಚಲಿಸುವ ಬಂಡಿ ಊರೊಳಗೆ ಗಂಟೆಗೆ 2 ಮೈಲಿ, ಊರ ಹೊರಗೆ 4 ಮೈಲಿಗಿಂತ ವೇಗವಾಗಿ ಹೋಗಕೂಡದು. ಅದರ ಮುಂದೆ 60 ಗಜ ದೂರದಲ್ಲಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕು. ಈ ಕಟ್ಟುಪಾಡುಗಳು ಸಡಿಲವಾದದ್ದು 1896ರಲ್ಲಿ. ಆ ವರ್ಷದ ನವೆಂಬರ್ 14ರಂದು ಮೋಟಾರುಪ್ರಿಯರು ಲಂಡನ್ನಿನಿಂದ ಬ್ರೈಟನ್ನಿಗೆ ಗಾಡಿ ಓಡಿಸಿ ತಮ್ಮ ವಿಮೋಚನೆಯನ್ನು ಆಚರಿಸಿದರು. ಆದರೆ ವಿಮೋಚನೆಯ ಬೆನ್ನಿಗೇ ಬಂಧನವೂ ಬಂದಿತು. 1903ರ ಕಾಯಿದೆಯಂತೆ 1904ರ ಜನವರಿ 1ರಿಂದ ಅಲ್ಲಿ ಪ್ರತಿ ಗಾಡಿಗೂ ನಂಬರು ಕಡ್ಡಾಯವಾಯಿತು. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ 1909ರಲ್ಲಿ ಮೋಟಾರು ಕಾರಿನ ಕಾಯಿದೆಯಾಯಿತು. ನಮ್ಮ ದೇಶಕ್ಕೆ ಅಂಥ ಕಾಯಿದೆ 1914ರಲ್ಲಿ ಬಂದಿತು.

ಹೀಗೆ ಸಂಶಯದಿಂದ ಹುಟ್ಟಿದ ನಂಬರು, ನೂರು ವರ್ಷಗಳಾದ ಮೇಲೆ, ಒಂದು ಬಗೆಯ ನಂಬಿಕೆಯ ಗುರುತಾಗಿಯೂ ಬೆಳೆದುಬಂದ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ಮಗಳ ಮನೆಯಲ್ಲಿರಲೆಂದು ನಾನು ಮೆಲ್ಬರ್ನಿಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ನನಗಿಂತ ಹಿರಿಯರೊಬ್ಬರು ಇದ್ದರು. ಭಾನುವಾರ ಬೆಳಗಾದರೆ ಅವರು ತಮ್ಮ ಗ್ಯಾರೇಜಿನ ಬಾಗಿಲು ತೆರೆದು, ಒಂದು ಹಳೆಯ ಹೋಲ್ಡನ್ ಕಾರಿನ ಧೂಳು ಒರೆಸುವರು. ಆಮೇಲೆ ಚಾಲಕನ ಆಸನದಲ್ಲಿ ಕುಳಿತು, ಕನ್ನಡಕ ಏರಿಸಿಕೊಂಡು, ಒಂದು ಸಣ್ಣ ಪುಸ್ತಕದಲ್ಲಿ ಏನನ್ನೋ ಬರೆದು ಸಹಿ ಹಾಕುವರು. ಬರೆದು ಮುಗಿದ ಮೇಲೆಯೇ ಎಂಜಿನು ಮಾತನಾಡುತ್ತಿದ್ದದ್ದು. ಕಾರಿಗೆ ಬೇರೆ ಕಾರುಗಳಂಥ ನಂಬರು ಫಲಕವಿರಲಿಲ್ಲ, ಕೆಂಪು ಫಲಕವಿತ್ತು. ಪೆಟ್ರೋಲಿನ ಲೆಕ್ಕ ಬರೆಯುತ್ತಾರೆಂದು ನಾನು ಭಾವಿಸಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ಅವರು ನಕ್ಕು, "ಇದನ್ನು ಬರೆಯದೆ ರಸ್ತೆಗಿಳಿದರೆ ನನ್ನ ಗಾಡಿಗೆ ನೋಂದಣಿಯೇ ಇಲ್ಲ ಸ್ವಾಮಿ. ಈ ಸಾಲು ಬರೆದರೆ ಈ ದಿನದ ಮಟ್ಟಿಗೆ ಇದು ಕಾನೂನಿನ ಕಣ್ಣಿಗೆ ಕಾರು," ಎಂಬರ್ಥದಲ್ಲಿ ಉತ್ತರ ಕೊಟ್ಟರು.

ಆ ಮಾತು ನನ್ನ ಕುತೂಹಲವನ್ನು ಕೆರಳಿಸಿತು. ವಿಚಾರಿಸುತ್ತ ಹೋದಂತೆ ತಿಳಿದದ್ದು ಇಷ್ಟು. ವಿಕ್ಟೋರಿಯದಲ್ಲಿ ಹಳೆಯ ವಾಹನಗಳಿಗಾಗಿ ಕ್ಲಬ್ ರಹದಾರಿ ಯೋಜನೆಯೊಂದಿದೆ. 25 ವರ್ಷ ತುಂಬಿದ ವಾಹನ ಅದಕ್ಕೆ ಅರ್ಹ. ಪೂರ್ಣ ನೋಂದಣಿಗೆ ವರ್ಷವರ್ಷವೂ ತೆರಬೇಕಾದ ಹಣಕ್ಕಿಂತ ಬಹಳ ಕಡಿಮೆ ಶುಲ್ಕಕ್ಕೆ ಒಡೆಯನು ವರ್ಷದಲ್ಲಿ 45 ದಿನಗಳ ಅಥವಾ 90 ದಿನಗಳ ರಹದಾರಿಯನ್ನು ಪಡೆಯಬಹುದು. ಅಪಘಾತದಲ್ಲಿ ಗಾಯಗೊಂಡವರಿಗೆ ಸಲ್ಲುವ ಕಡ್ಡಾಯ ವಿಮೆಯೂ ಆ ಶುಲ್ಕದೊಳಗೇ ಸೇರಿರುತ್ತದೆ. ಪ್ರತಿಯಾಗಿ, ಗಾಡಿ ಹೊರಡುವ ಪ್ರತಿದಿನವೂ, ಹೊರಡುವ ಮುನ್ನವೇ, ಲಾಗ್ ಪುಸ್ತಕದಲ್ಲಿ ಒಂದು ಸಾಲು ತುಂಬಬೇಕು. ಅಂದು ಒಂದು ಮೈಲಿ ಹೋಗಲಿ, ನೂರು ಮೈಲಿ ಹೋಗಲಿ, ಲೆಕ್ಕಕ್ಕೆ ಅದು ಒಂದು ದಿನ. ಬಾಡಿಗೆಗೆ ಓಡಿಸುವಂತಿಲ್ಲ. ಈ ಲಾಗ್ ಪುಸ್ತಕದ ಪದ್ಧತಿ ಅಲ್ಲಿ ಜಾರಿಗೆ ಬಂದದ್ದು 2011ರಲ್ಲಿ. ನೆರೆಯ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿಯೂ ಇಂಥದೇ ವ್ಯವಸ್ಥೆಯುಂಟು. ಅಲ್ಲಿ ವಾಹನಕ್ಕೆ 30 ವರ್ಷವಾಗಿರಬೇಕು, ಲಾಗ್ ಪುಸ್ತಕದಲ್ಲಿ ದೊರೆಯುವುದು 60 ದಿನ.

ಇಷ್ಟೇ ಆಗಿದ್ದರೆ ಇದು ತೆರಿಗೆಯ ರಿಯಾಯಿತಿಯ ಮಾತಾಗುತ್ತಿತ್ತು; ನಿಮ್ಮ ಕಾಲವನ್ನು ನಾನು ತೆಗೆದುಕೊಳ್ಳುತ್ತಿರಲಿಲ್ಲ. ಇದರ ಸ್ವಾರಸ್ಯವಿರುವುದು 'ಕ್ಲಬ್' ಎಂಬ ಮಾತಿನಲ್ಲಿ. ಸರ್ಕಾರ ನೇರವಾಗಿ ಒಡೆಯನೊಡನೆ ವ್ಯವಹರಿಸುವುದಿಲ್ಲ. ಅವನು ಸರ್ಕಾರದ ಮಾನ್ಯತೆ ಪಡೆದ ಒಂದು ವಾಹನ ಸಂಘದ ಸದಸ್ಯನಾಗಿರಬೇಕು. ಈ ವಾಹನ ಇಷ್ಟು ವರ್ಷ ಹಳೆಯದು, ನಿಯಮಕ್ಕೆ ತಕ್ಕಂತಿದೆ ಎಂದು ಸಂಘ ತನ್ನ ಸಹಿಯೊಡನೆ ಹೇಳಬೇಕು. ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರವನ್ನು ಅಧಿಕೃತ ಪರೀಕ್ಷಕರಿಂದ ತರಬೇಕು. 1949ಕ್ಕಿಂತ ಹಿಂದೆ ತಯಾರಾದ ಗಾಡಿಯಾದರೆ ಸಂಘದವರೇ ಪರೀಕ್ಷಿಸಿ ಸುರಕ್ಷಿತವೆಂದು ಒಪ್ಪಬಹುದು. ಅಷ್ಟು ಹಳೆಯ ಯಂತ್ರದ ಗುಣಾವಗುಣಗಳನ್ನು ಅದರೊಡನೆ ಬಾಳಿದವರಲ್ಲದೆ ಬೇರೆ ಯಾರು ಬಲ್ಲರು? ಸದಸ್ಯತ್ವದ ಚಂದಾ ನಿಂತರೆ ರಹದಾರಿಯೂ ನಿಂತಂತೆಯೇ. ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ಸಂಘ ಇಲ್ಲಿ ಜಾಮೀನುದಾರ. ಸರ್ಕಾರ ಸಂಘವನ್ನು ನಂಬುತ್ತದೆ. ಸಂಘ ಸದಸ್ಯನನ್ನು ನಂಬುತ್ತದೆ. ಸದಸ್ಯನು ಯಾರೂ ನೋಡದ ತನ್ನ ಗ್ಯಾರೇಜಿನಲ್ಲಿ ಕುಳಿತು ಪ್ರಾಮಾಣಿಕವಾಗಿ ಒಂದು ಸಾಲು ಬರೆಯುತ್ತಾನೆ. 1865ರ ಕೆಂಪು ಬಾವುಟ 'ಎಚ್ಚರಿಕೆ, ಹೊಸದು ಬರುತ್ತಿದೆ' ಎಂದು ಹೆದರಿಸಿತು. ಈ ಕೆಂಪು ಫಲಕ 'ಹಳೆಯದು ಬರುತ್ತಿದೆ, ದಾರಿ ಬಿಡಿ' ಎಂದು ವಿನಯದಿಂದ ಕೇಳುತ್ತದೆ.

ಹಳೆಯ ಗಾಡಿಗಳನ್ನು ಕೂಡಿಸಿ ನೋಡುವ ಹವ್ಯಾಸವೂ ಈಚಿನದಲ್ಲ. ಲಂಡನ್–ಬ್ರೈಟನ್ ಓಟವನ್ನು 1927ರಲ್ಲಿ ಮತ್ತೆ ನಡೆಸಿದರು. 1930ರಲ್ಲಿ ಬ್ರಿಟನ್ನಿನಲ್ಲಿ 'ವೆಟರನ್ ಕಾರ್ ಕ್ಲಬ್' ಹುಟ್ಟಿತು. ಕನ್ನಡದ ಮೇಷ್ಟರಾದ ನಾವು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂದು ಕಾಲವಿಭಾಗ ಮಾಡುವಂತೆ ಈ ಸಂಘದವರೂ ಮಾಡಿಕೊಂಡಿದ್ದಾರೆ. ಆಸ್ಟ್ರೇಲಿಯದ ಎಣಿಕೆಯಲ್ಲಿ 1918ರ ಕೊನೆಯವರೆಗಿನವು 'ವೆಟರನ್', 1919ರಿಂದ 1930ರವರೆಗಿನವು 'ವಿಂಟೇಜ್'. ಗಡಿಯ ವರ್ಷಗಳ ಬಗ್ಗೆ ಅವರೂ ನಮ್ಮಷ್ಟೇ ಆಸಕ್ತಿಯಿಂದ ಜಗಳವಾಡಬಲ್ಲರೆಂಬುದು ನನಗೆ ಸಮಾಧಾನ ತಂದ ಸಂಗತಿ.

ನೆರೆಯವರ ಕಾರಿನ ವಂಶಾವಳಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹೋಲ್ಡನ್ ಎಂಬುದು ಮೊದಲಿಗೆ ಕಾರಿನ ಹೆಸರೇ ಅಲ್ಲ. 1856ರಲ್ಲಿ ಅಡಿಲೇಡ್ ನಗರದಲ್ಲಿ ಜೇಮ್ಸ್ ಅಲೆಕ್ಸಾಂಡರ್ ಹೋಲ್ಡನ್ ಎಂಬಾತ ತೆರೆದದ್ದು ಕುದುರೆಯ ಜೀನುಗಳ ಅಂಗಡಿ. ಕುದುರೆ ಹೋಗಿ ಮೋಟಾರು ಬಂದಾಗ ಆ ಮನೆತನದ ಉದ್ಯಮ ಜೀನಿನಿಂದ ಕಾರಿನ ಮೈಕಟ್ಟಿಗೆ ತಿರುಗಿತು. ಆಮೇಲೆ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯನ್ನು ಸೇರಿತು. ಎರಡನೆಯ ಮಹಾಯುದ್ಧದ ತರುವಾಯ, ತಮ್ಮ ನೆಲದಲ್ಲಿಯೇ ತಯಾರಾದ ಕಾರು ಬೇಕೆಂಬ ಆಸ್ಟ್ರೇಲಿಯನ್ನರ ಆಸೆ ಕೈಗೂಡಿತು. 1948ರ ನವೆಂಬರ್ 29ರಂದು ಮೆಲ್ಬರ್ನಿನ ಫಿಷರ್ಮನ್ಸ್ ಬೆಂಡ್ ಕಾರ್ಖಾನೆಯಲ್ಲಿ ಪ್ರಧಾನಿ ಬೆನ್ ಚಿಫ್ಲಿ ಮೊದಲ ಹೋಲ್ಡನ್ ಕಾರನ್ನು ಲೋಕಕ್ಕೆ ತೋರಿದರು. 48-215 ಎಂಬ ಆ ಮಾದರಿಯ ಸುಮಾರು 1,20,000 ಕಾರುಗಳು 1953ರೊಳಗೆ ತಯಾರಾದವು. ನಮ್ಮ ತಲೆಮಾರಿಗೆ ಅಂಬಾಸಡರ್ ಕಾರು ಏನಾಗಿತ್ತೋ ಅವರಿಗೆ ಹೋಲ್ಡನ್ ಅದಾಗಿತ್ತು: ಮದುವೆಗೂ ಅದೇ, ಆಸ್ಪತ್ರೆಗೂ ಅದೇ, ಮಕ್ಕಳನ್ನು ತುಂಬಿಕೊಂಡು ಸಮುದ್ರತೀರಕ್ಕೂ ಅದೇ.

ಆ ಕಥೆ ಮುಗಿದಿದೆ. ಫೋರ್ಡ್ ಸಂಸ್ಥೆ 2016ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸಿತು. 2017ರ ಅಕ್ಟೋಬರಿನಲ್ಲಿ ಟೊಯೊಟಾ ನಿಲ್ಲಿಸಿತು. ಅದೇ ತಿಂಗಳ 20ರಂದು ಅಡಿಲೇಡ್ ಬಳಿಯ ಎಲಿಜಬೆತ್ ಕಾರ್ಖಾನೆಯಿಂದ ಕೊನೆಯ ಹೋಲ್ಡನ್ ಹೊರಬಂದಿತು. 2020ರಲ್ಲಿ ಆ ಹೆಸರನ್ನೇ ಕೈಬಿಡುವುದಾಗಿ ಜನರಲ್ ಮೋಟಾರ್ಸ್ ಪ್ರಕಟಿಸಿತು. ಜೀನಿನ ಅಂಗಡಿಯಿಂದ ಆರಂಭವಾದ 160 ವರ್ಷಗಳ ಉದ್ಯಮಕ್ಕೆ ಈಗ ಉಳಿದಿರುವ ಜೀವಂತ ಸಾಕ್ಷಿಗಳೆಂದರೆ ವಸ್ತುಸಂಗ್ರಹಾಲಯಗಳ ಕೆಲವು ಮಾದರಿಗಳು, ಮತ್ತು ಸಾಮಾನ್ಯ ಜನರ ಗ್ಯಾರೇಜುಗಳಲ್ಲಿರುವ ಈ ಕೆಂಪು ಫಲಕದ ಗಾಡಿಗಳು. ನನ್ನ ನೆರೆಯವರು ಬರೆಯುತ್ತಿದ್ದ ಸಾಲಿಗೆ ಇಷ್ಟೊಂದು ತೂಕವಿದೆಯೆಂದು ನನಗೆ ಅರಿವಾದದ್ದು ಆಗ.

ಸಂಗ್ರಹಾಲಯವೊಂದಿದ್ದರೆ ಸಾಲದೇ, ರಸ್ತೆಗೇಕೆ ಬರಬೇಕು ಎಂದು ಯಾರಾದರೂ ಕೇಳಬಹುದು. ಓಲೆಗರಿಯನ್ನು ಉಳಿಸುವುದು ಹೇಗೆಂದು ನಮಗೆ ಗೊತ್ತು. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಹುಳುವಿನಿಂದ ಕಾಪಾಡಿ ಇಟ್ಟರೆ ಶತಮಾನಗಳ ಕಾಲ ಬಾಳೀತು. ಯಂತ್ರದ ಧರ್ಮ ಬೇರೆ. ಅದು ನಿಂತಲ್ಲಿಯೇ ಸಾಯುತ್ತದೆ. ಪೆಟ್ರೋಲು ಹಳಸಿ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ದಾರಿಗಳನ್ನು ಮುಚ್ಚುತ್ತದೆ; ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಂಡು ಒಳಗಿನ ಲೋಹಕ್ಕೆ ತುಕ್ಕು ಹಿಡಿಸುತ್ತದೆ; ರಬ್ಬರು ಒಣಗಿ ಬಿರಿಯುತ್ತದೆ; ನಿಂತ ಭಾರಕ್ಕೆ ಟೈರಿನ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ಓಡಿಸುವುದೇ ಅದರ ಸಂರಕ್ಷಣೆ. ಅದರ ಜೊತೆಗೆ ಓಡಿಸುವ ವಿದ್ಯೆ, ರಿಪೇರಿಯ ವಿದ್ಯೆ, ಎಂಜಿನಿನ ಸದ್ದಿನಿಂದಲೇ ರೋಗ ಹಿಡಿಯುವ ಕಿವಿ, ಇವೂ ಉಳಿಯಬೇಕು. ಇವನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಬರುವುದಿಲ್ಲ. ದಿನನಿತ್ಯ ಓಡಿದರೆ ಸವೆಯುವ, ಎಂದೂ ಓಡದಿದ್ದರೆ ಕೆಡುವ ವಸ್ತುವಿಗೆ ವರ್ಷದಲ್ಲಿ 45 ದಿನ ಎಂಬುದು ವೈದ್ಯನು ಬರೆದುಕೊಟ್ಟ ಪಥ್ಯದಂತಿದೆ.

ಆಕ್ಷೇಪಗಳಿಲ್ಲವೆಂದಲ್ಲ. 25 ವರ್ಷವೆಂಬುದು ಸ್ಥಿರವಾದ ಗೆರೆಯಲ್ಲ, ವರ್ಷವರ್ಷವೂ ಮುಂದೆ ಸರಿಯುವ ಗೆರೆ. 2000ದಲ್ಲಿ ತಯಾರಾದ ತೀರ ಸಾಮಾನ್ಯ ಕಾರಿಗೂ 2025ರಲ್ಲಿ ಈ ಬಾಗಿಲು ತೆರೆಯಿತು. ಅದನ್ನು ಚರಿತ್ರೆಯೆನ್ನಬೇಕೇ, ತೆರಿಗೆ ತಪ್ಪಿಸುವ ಉಪಾಯವೆನ್ನಬೇಕೇ? ಹಳೆಯ ಎಂಜಿನಿನ ಹೊಗೆಯೂ ಸುಳ್ಳಲ್ಲ. ಈ ಪ್ರಶ್ನೆಗಳು ನ್ಯಾಯವಾದವು. ಆದರೆ ವಾರಕ್ಕೊಮ್ಮೆ ಹೊರಬರುವ ಗಾಡಿಯ ಹೊಗೆಯನ್ನು ದಿನವೂ ದುಡಿಯುವ ಗಾಡಿಯ ಹೊಗೆಯೊಡನೆ ಸಮನಾಗಿ ತೂಗಲಾಗದು. ಇಂದಿನ ಸಾಮಾನ್ಯವೇ ನಾಳಿನ ಅಪರೂಪ ಎಂಬುದನ್ನೂ ಚರಿತ್ರೆಯ ವಿದ್ಯಾರ್ಥಿ ಮರೆಯಬಾರದು. 1948ರಲ್ಲಿ ಹೋಲ್ಡನ್ ಕೂಡ ಸಾಮಾನ್ಯರ ಕಾರೇ ಆಗಿತ್ತು. ಅರಮನೆಯ ಶಾಸನಗಳು ಕಲ್ಲಿನ ಮೇಲೆ ತಾವಾಗಿಯೇ ಉಳಿಯುತ್ತವೆ. ಮನೆಯ ಹೆಂಗಸರು ಬೀಸುವಾಗ ಹಾಡಿದ ಪದಗಳನ್ನು ಯಾರಾದರೂ ಕಾದರೆ ಮಾತ್ರ ಉಳಿಯುತ್ತವೆ.

ಈ ದೃಷ್ಟಿಯಿಂದ ನಮ್ಮ ಕಡೆ ನೋಡಿದಾಗ ಸಂತೋಷವೂ ಚಿಂತೆಯೂ ಒಟ್ಟಿಗೇ ಆಗುತ್ತವೆ. 2021ರ ಜುಲೈನಲ್ಲಿ ಭಾರತ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ಕಳೆದ, ಮೂಲರೂಪವನ್ನು ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಅದು ಅನ್ವಯಿಸುತ್ತದೆ. ರಾಜ್ಯದ ಸಂಕೇತಾಕ್ಷರಗಳ ನಂತರ 'ವಿಎ' ಎಂಬ ಅಕ್ಷರಗಳು ಬರುವ ವಿಶೇಷ ನಂಬರು; ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ; ಅವಧಿ 10 ವರ್ಷ. ನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ. ಪ್ರದರ್ಶನ, ಸಂಶೋಧನೆ, ವಿಂಟೇಜ್ ರ್‍ಯಾಲಿ, ರಿಪೇರಿ, ಇಂಧನ ತುಂಬಿಸುವುದು ಮುಂತಾದವಕ್ಕೆ ರಸ್ತೆಗಿಳಿಸಬಹುದು. ಹಳೆಯದನ್ನು ಹಳೆಯದೆಂಬ ಕಾರಣಕ್ಕೇ ಕಾನೂನು ಗುರುತಿಸಿತೆಂಬುದು ಸಣ್ಣ ಮಾತಲ್ಲ.

ಆದರೆ ನಮ್ಮಲ್ಲಿ ಸ್ವಂತ ಉಪಯೋಗದ ಕಾರಿನ ಮೊದಲ ನೋಂದಣಿಯ ಅವಧಿ 15 ವರ್ಷ. ಅಲ್ಲಿಂದ ಮುಂದೆ ಐದೈದು ವರ್ಷಕ್ಕೊಮ್ಮೆ ಯೋಗ್ಯತೆಯನ್ನು ಪರೀಕ್ಷಿಸಿಕೊಂಡು ನವೀಕರಿಸಬೇಕು. 15ಕ್ಕೂ 50ಕ್ಕೂ ನಡುವೆ 35 ವರ್ಷಗಳ ಬಯಲು. ಅದನ್ನು ದಾಟುವವರೆಗೆ ಗಾಡಿಯನ್ನು ಪೊರೆಯುವವರು ಯಾರು? ಐಶ್ವರ್ಯವಂತರ ರೋಲ್ಸ್ ರಾಯ್ಸ್ ಹೇಗೋ ದಾಟೀತು. ಮೇಷ್ಟರ, ಗುಮಾಸ್ತರ, ಊರ ಡಾಕ್ಟರರ ಕಾರುಗಳ ಗತಿಯೇನು? ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ 2014ರಲ್ಲಿ ನಿಂತುಹೋಯಿತು. ಅದರ ಕೊನೆಯ ಕಾರುಗಳಿಗೆ 50 ವರ್ಷ ತುಂಬುವುದು 2064ರಲ್ಲಿ. ಅಷ್ಟರಲ್ಲಿ ಎಷ್ಟು ಗುಜರಿಯ ತಕ್ಕಡಿ ಏರಿರುತ್ತವೋ! ವಿಕ್ಟೋರಿಯದ ಯೋಜನೆಯಲ್ಲಿರುವ ಸಂಘದ ಜಾಮೀನು, ಕಡಿಮೆ ಶುಲ್ಕ, ಎಣಿಕೆಯ ದಿನ ಎಂಬ ಮೂರು ಗಂಟುಗಳನ್ನು ನಮಗೆ ತಕ್ಕಂತೆ ಹೆಣೆದುಕೊಳ್ಳಲು ಸಾಧ್ಯವೇ ಎಂದು ಬಲ್ಲವರು ಯೋಚಿಸಬೇಕು.

ನಮ್ಮ ಊರಿನ ಡಾಕ್ಟರರಲ್ಲಿ ಒಂದು ಮಾರಿಸ್ ಕಾರಿತ್ತು. ನನ್ನ ತಾಯಿಯನ್ನು ಒಂದು ಮಳೆಯ ರಾತ್ರಿ ಜಿಲ್ಲಾ ಆಸ್ಪತ್ರೆಗೆ ಮುಟ್ಟಿಸಿ ಉಳಿಸಿದ್ದು ಆ ಕಾರೇ. ಡಾಕ್ಟರರು ಹೋದ ಮೇಲೆ ಅದು ಹಿತ್ತಲಿನಲ್ಲಿ ಹಲವು ಮಳೆಗಾಲ ನಿಂತಿತ್ತು. ಕೊನೆಗೆ ಕಬ್ಬಿಣದ ತೂಕಕ್ಕೆ ಹೋಯಿತು. ಯಾರನ್ನೂ ದೂರುವಂತಿಲ್ಲ. ಅದನ್ನು ಉಳಿಸಿಕೊಳ್ಳಲು ಒಂದು ದಾರಿಯಿದೆಯೆಂದು ಅಂದು ಆ ಮನೆಯವರಿಗೆ ಹೇಳುವವರು ಯಾರೂ ಇರಲಿಲ್ಲ. ಮೆಲ್ಬರ್ನಿನ ಆ ಹಿರಿಯರು ಪ್ರತಿ ಭಾನುವಾರ ಬರೆಯುತ್ತಿದ್ದ ಒಂದು ಸಾಲು ನೆನಪಾದಾಗಲೆಲ್ಲ ಆ ಹಿತ್ತಿಲು ನನ್ನ ಕಣ್ಣ ಮುಂದೆ ಬರುತ್ತದೆ. ಚರಿತ್ರೆಯನ್ನು ಬರೆಯುವವರು ನಮ್ಮಂಥ ಪಂಡಿತರೇ ಎಂದು ಬಹುಕಾಲ ನಂಬಿದ್ದೆ. ಗ್ಯಾರೇಜಿನಲ್ಲಿ ಕುಳಿತು, ತಾರೀಖು ಹಾಕಿ, ಸಹಿ ಮಾಡಿ, ಎಂಜಿನು ಹೂಡುವವರೂ ಅದನ್ನೇ ಬರೆಯುತ್ತಿದ್ದಾರೆ.

(ಬಾನುಲಿ ಭಾಷಣ)