ರಜೆಯ ದಿನಗಳು ಯಾರ ಪಾಲು? ಸೈನಿಕನ ಹೆಂಡತಿಯ ಸಂಬಂಧಗಳ ಕುರಿತ ಒಂದು ಮರುವಿಚಾರ

ಸೈನಿಕ ಕುಟುಂಬಗಳ ಅಧ್ಯಯನಕ್ಕೆ ಗಟ್ಟಿ ತಳಹದಿ ಹಾಕಿದವರು ರೂಬೆನ್ ಹಿಲ್. ಎರಡನೆಯ ಮಹಾಯುದ್ಧಕ್ಕೆ ಗಂಡಸರನ್ನು ಕಳುಹಿಸಿದ್ದ ಅಯೋವಾ ರಾಜ್ಯದ ಮನೆಗಳನ್ನು ಕುರಿತ ಅವರ ಗ್ರಂಥ 1949ರಲ್ಲಿ ಬಂತು. ಗಂಡನಿಲ್ಲದೆ ಬದುಕಲು ಪೂರ್ತಿ ಒಗ್ಗಿಕೊಂಡ ಮನೆ, ಅವನು ಮರಳಿದಾಗ ಜಾಗ ಬಿಡಲು ತಿಣುಕುತ್ತದೆ ಎಂಬುದು ಅವರ ಮುಖ್ಯ ತಿಳಿವು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದವರ ಕುಟುಂಬಗಳನ್ನು ನೋಡಿದ ಪಾಲಿನ್ ಬಾಸ್, ದೇಹದಿಂದ ದೂರವಿದ್ದೂ ಮನಸ್ಸಿನಲ್ಲಿ ಮನೆಯೊಳಗೇ ಇರುವವನ ಸಮಸ್ಯೆಯನ್ನು ಎತ್ತಿದರು. ಹೆಂಡಂದಿರ ಸಂಬಳವಿಲ್ಲದ ದುಡಿಮೆಯ ಮೇಲೆ ಸೇನೆಗಳು ನಿಂತಿವೆ ಎಂದು ಸಿಂಥಿಯಾ ಎನ್ಲೋ 1983ರಲ್ಲಿ ಬರೆದರು. ಇಷ್ಟರ ಬಗ್ಗೆ ಇಲ್ಲಿ ತಕರಾರಿಲ್ಲ.

ತಕರಾರಿರುವುದು ಮೇಡಿ ಸೀಗಲ್ ಅವರ ವಾದದ ಬಗ್ಗೆ. ಲೂಯಿಸ್ ಕೋಸರ್ 1974ರಲ್ಲಿ ರೂಪಿಸಿದ್ದ 'ಹೊಟ್ಟೆಬಾಕ ಸಂಸ್ಥೆ'ಯ ಕಲ್ಪನೆಯನ್ನು ಅವರು 1986ರ ಪ್ರಬಂಧದಲ್ಲಿ ಸೇನೆಗೂ ಕುಟುಂಬಕ್ಕೂ ಅನ್ವಯಿಸಿದರು. ಎರಡೂ ಒಬ್ಬನದೇ ಸಮಯ, ಶಕ್ತಿ, ನಿಷ್ಠೆಗಳನ್ನು ಇಡಿಯಾಗಿ ಕೇಳುತ್ತವೆ. ಹೀಗಾಗಿ ಜಗ್ಗಾಟ ಇವೆರಡರ ನಡುವೆ. ಸೂತ್ರ ಚೊಕ್ಕವಾಗಿದೆ. ಆದರೆ ಅದರಲ್ಲಿ 'ಕುಟುಂಬ' ಎಂದರೆ ಗಂಡ, ಹೆಂಡತಿ, ಮಕ್ಕಳು. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ಜವಾನನೊಬ್ಬನ ಮನೆಗೆ ಇದನ್ನು ಹಚ್ಚಿ ನೋಡಿದರೆ ಸೂತ್ರ ಬಿರುಕು ಬಿಡುತ್ತದೆ.

ರಜೆಯಿಂದಲೇ ಶುರುಮಾಡೋಣ. ಭಾರತೀಯ ಸೇನೆಯ ಕಾಯಂ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಅಷ್ಟನ್ನು ಕೊಟ್ಟ ಮೇಲೆ ಸೇನೆಯ ಮಾತು ಮುಗಿಯಿತು. ನಿಜವಾದ ಜಗ್ಗಾಟ ಅವನು ರೈಲು ಇಳಿದ ಮೇಲೆ ಮೊದಲಾಗುತ್ತದೆ. ತಾಯಿಯ ಕಣ್ಣಿನ ಆಪರೇಷನ್, ತಮ್ಮನಿಗೆ ಹೆಣ್ಣು ನೋಡುವುದು, ಹೊಲದ ಬದುವಿನ ಜಗಳ, ಸೋದರತ್ತೆಯ ಮನೆಯ ಗೃಹಪ್ರವೇಶ ಎಲ್ಲವೂ 'ಅವ ಬರಲಿ' ಎಂದು ಕಾದು ಕೂತಿರುತ್ತವೆ. ಹೆಂಡತಿಯ ಪಾಲಿಗೆ ಉಳಿಯುವುದು ಉಳಿಕೆ. ಇಲ್ಲಿ ಹಸಿವು ಸೇನೆಗೆ ಮಾತ್ರವಲ್ಲ, ಬಳಗಕ್ಕೂ ಇದೆ. ಎರಡರ ಲೆಕ್ಕವನ್ನೂ ಸರಿದೂಗಿಸಬೇಕಾದವಳು ಅವಳು.

ಉಳಿದ ಒಂಬತ್ತು ತಿಂಗಳು ಅವಳು ಮಾಡುವ ಕೆಲಸ ಮುಯ್ಯಿಯಲ್ಲಿ ಎದ್ದು ಕಾಣುತ್ತದೆ. ಯಾರ ಮದುವೆಗೆ ಎಷ್ಟು ಮುಯ್ಯಿ ಮಾಡಿತ್ತು, ಯಾರದು ತಿರುಗಿಸಬೇಕು, ಯಾರ ಮನೆಯ ಸಾವಿಗೆ ಹೋಗದೆ ಇರುವಂತಿಲ್ಲ ಎಂಬುದನ್ನೆಲ್ಲ ನೆನಪಿಟ್ಟು, ಗಂಡನ ಹೆಸರಿನಲ್ಲಿ ಹೋಗಿ ಬರುವವಳು ಅವಳೇ. ಮುಯ್ಯಿ ಬರೆಯುವವನು ಗಂಡನ ಹೆಸರನ್ನೇ ಬರೆದುಕೊಳ್ಳುತ್ತಾನೆ. ಹೋದವಳ ಹೆಸರು ಪುಸ್ತಕದಲ್ಲಿ ಇರುವುದಿಲ್ಲ. ಸಂಶೋಧಕರ ಕಣ್ಣಿಗೂ ಅವಳು ಬೀಳದಿರಲು ಇದೂ ಒಂದು ಕಾರಣವೆನ್ನಬಹುದು.

ಇದರಿಂದ ನಾನು ಮುಂದಿಡುವ ಮಾತು ಇಷ್ಟು: ಈ ಹೆಂಡತಿಯ ದುಡಿಮೆ ಸೇನೆಯನ್ನು ಕಾಯುವುದಕ್ಕಿಂತ ಹೆಚ್ಚಾಗಿ ಊರಿನಲ್ಲಿ ಗಂಡನ ಸ್ಥಾನವನ್ನು ಕಾಯುತ್ತದೆ. ಹದಿನೈದು ವರ್ಷದ ಕಾಯಂ ಸೇವೆಗೆ ಪಿಂಚಣಿ ಹುಟ್ಟುತ್ತದೆ. ಜವಾನರಲ್ಲಿ ಹಲವರು ನಲವತ್ತರ ಆಸುಪಾಸಿನಲ್ಲೇ ಊರಿಗೆ ಮರಳುತ್ತಾರೆ. ಸೇವೆಗಿಂತ ದೀರ್ಘವಾದ ಆ ಎರಡನೆಯ ಬದುಕಿಗೆ ಬೇಕಾದ ನಂಟನ್ನು ಅವಳು ಮೊದಲೇ ಕೂಡಿಟ್ಟಿರುತ್ತಾಳೆ. ಆದರೆ ಈ ಮಾತನ್ನು ಎಲ್ಲೆಡೆಗೂ ಎಳೆಯಲಾಗದು. ಅಧಿಕಾರಿಗಳ ಕುಟುಂಬಗಳಿಗೆ ಇದು ಬಹುಶಃ ಹೊಂದದು. ನಿವೃತ್ತರಾಗಿ ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ನೆಲೆಸುವವರಿಗೆ ಅರ್ಧ ಹೊಂದೀತು. ಕೊಡಗಿನ ವಿಷಯವಂತೂ ಬೇರೆಯೇ. ಎಂ. ಎನ್. ಶ್ರೀನಿವಾಸ್ 1952ರ ತಮ್ಮ ಗ್ರಂಥದಲ್ಲಿ ವಿವರಿಸಿದ ಕೊಡವರ ಕೂಡುಕುಟುಂಬ, ಅಂದರೆ ಒಕ್ಕದಲ್ಲಿ ಗಂಡಿನ ಸ್ಥಾನ ಹುಟ್ಟಿನಿಂದಲೇ ಬಂದದ್ದು. ದೂರವಿದ್ದ ಮಾತ್ರಕ್ಕೆ ಅದು ಕಳೆಯದು. ಅಲ್ಲಿ ಹೆಂಡತಿ ಕಾಯುವುದು ಸ್ಥಾನವನ್ನಲ್ಲ, ಒಡನಾಟವನ್ನು ಎನ್ನುವುದು ಹೆಚ್ಚು ಸರಿ.

ಈ ದುಡಿಮೆಯ ಬೆಲೆ ತೆರುವುದು ಅವಳ ತವರು. ಪಂಚಮಿಗೆ ಅಣ್ಣ ಕರೆಯಲು ಬರುವ ಹೊತ್ತಿಗೇ ಗಂಡನ ರಜೆ ಬಿದ್ದರೆ ಆ ವರ್ಷದ ತವರು ತಪ್ಪಿತೆಂದೇ ಅರ್ಥ. ಸೀಗಲ್ ಅವರ ಎರಡು ಸಂಸ್ಥೆಗಳ ಚಿತ್ರದಲ್ಲಿ ಈ ನಷ್ಟ ನಮೂದಾಗಲು ಜಾಗವೇ ಇಲ್ಲ.

ಗೆಳೆತನದ ಲೆಕ್ಕ ಇನ್ನೊಂದು ಬಗೆಯದು. ಕುಟುಂಬವನ್ನು ಇರಿಸಿಕೊಳ್ಳಬಹುದಾದ ಪೀಸ್ ಸ್ಟೇಷನ್ನಿನಲ್ಲಿ ಕ್ವಾರ್ಟರ್ಸ್ ಸಿಕ್ಕರೆ ಎರಡು ಮೂರು ವರ್ಷ ಗಂಡನ ಜೊತೆ ಇರುವ ಅವಕಾಶ. ಅಲ್ಲಿ ನೆರೆಯವಳು ಪಂಜಾಬಿನವಳೋ ಗಢವಾಲದವಳೋ ಆಗಿರಬಹುದು. ಹರಕು ಹಿಂದಿಯಲ್ಲೇ ಸ್ನೇಹ ಕುದುರುತ್ತದೆ. 1966ರಲ್ಲಿ ಹುಟ್ಟಿದ ಸೇನಾ ಪತ್ನಿಯರ ಕಲ್ಯಾಣ ಸಂಘ 'ಆವಾ'ದ ಸಭೆಗಳಲ್ಲಿ ಗಂಡಂದಿರ ರ‍್ಯಾಂಕು ಕುರ್ಚಿಯ ಸಾಲಿನಲ್ಲೂ ಇಣುಕುವುದುಂಟು. ಗೆಳೆತನ ಬೆಳೆಯುವುದು ಅಲ್ಲಿಗಿಂತ ಹೆಚ್ಚಾಗಿ ನೀರಿನ ನಲ್ಲಿಯ ಬಳಿ, ಸ್ಕೂಲ್ ಬಸ್ಸು ಕಾಯುವಲ್ಲಿ. ಇಂಥ ಸ್ನೇಹವನ್ನು ದೂರದ ಬಳಗಕ್ಕೆ ಬದಲಿ ಎಂದು ನೋಡುವುದೇ ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಬಳಗದಲ್ಲಿ ಪಡೆದದ್ದನ್ನು ಪಡೆದವರಿಗೇ ತಿರುಗಿಸಬೇಕು. ಈ ಸ್ನೇಹದಲ್ಲಾದರೋ, ಜಲಂಧರದಲ್ಲಿ ಬಾಣಂತನಕ್ಕೆ ನೆರವಾದ ನೆರೆಯವಳಿಗೆ ತಿರುಗಿಸುವ ಅವಕಾಶವೇ ಬಾರದಿರಬಹುದು; ಋಣ ತೀರುವುದು ಸಿಕಂದರಾಬಾದಿನಲ್ಲಿ, ಹೊಸದಾಗಿ ಬಂದ ಇನ್ನೊಬ್ಬಳ ಕೈಹಿಡಿದು. ಮುಯ್ಯಿಯ ನಿಯಮಕ್ಕೆ ಸಿಗದ ಈ ಕೊಡುಕೊಳೆಯನ್ನು ಬೇರೆಯೇ ವ್ಯವಸ್ಥೆಯೆಂದು ಪರಿಗಣಿಸಬೇಕು.

ಮೊಬೈಲು ಈ ಚಿತ್ರವನ್ನು ಎಷ್ಟು ಬದಲಿಸಿದೆ ಎಂಬ ಪ್ರಶ್ನೆ ತೆರೆದೇ ಇದೆ. ಗಂಡ ಈಗ ವಿಡಿಯೋ ಕರೆಯಲ್ಲಿ ಮದುವೆಯ ಅಕ್ಷತೆ ನೋಡಬಲ್ಲ. ಹಾಗೆಂದು ಹೆಂಡತಿ ಹೋಗದೆ ಇದ್ದರೆ ಬಳಗ ಒಪ್ಪೀತೇ? ಯುದ್ಧಭೂಮಿಯ ಪತ್ರಗಳನ್ನು ಜತನದಿಂದ ಸಂಗ್ರಹಿಸುವ ನಮ್ಮ ಸಂಶೋಧಕರು ಸೈನಿಕರ ಮನೆಗಳ ಮುಯ್ಯಿ ಪುಸ್ತಕಗಳನ್ನೂ ಕೇಳಿ ಪಡೆಯಬೇಕು, ಲೆಕ್ಕ ಇಟ್ಟ ಹೆಂಗಸರು ಇನ್ನೂ ಮಾತಿಗೆ ಸಿಗುವಾಗಲೇ.