ತಳಿಯ ಶುದ್ಧಿ, ಜೀವದ ವೇದನೆ

ಜೀವಂಧರನ ಕಥೆಯನ್ನು ಅರಿಯದ ಜೈನ ಮನೆತನಗಳು ವಿರಳ. ಹವಿಸ್ಸನ್ನು ಮುಟ್ಟಿತೆಂಬ ಕಾರಣಕ್ಕೆ ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯೊಂದಕ್ಕೆ ಆ ರಾಜಕುಮಾರನು ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದನು; ಆ ಜೀವವು ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಯಿತು. ವಾದೀಭಸಿಂಹನ ಸಂಸ್ಕೃತ ‘ಕ್ಷತ್ರಚೂಡಾಮಣಿ’ಯೂ ಭಾಸ್ಕರ ಕವಿಯು 1424ರಲ್ಲಿ ರಚಿಸಿದ ಕನ್ನಡದ ‘ಜೀವಂಧರ ಚರಿತೆ’ಯೂ ಹೇಳುವುದು ಈ ಜೀವಂಧರನ ವೃತ್ತಾಂತವನ್ನೇ. ಸಾಯುತ್ತಿದ್ದ ಆ ನಾಯಿಯ ತಳಿ ಯಾವುದೆಂದು ಯಾರೂ ಕೇಳಲಿಲ್ಲ. ಅದು ಪಂಚೇಂದ್ರಿಯಗಳುಳ್ಳ, ನೋವನ್ನು ಅರಿಯಬಲ್ಲ ಜೀವವೆಂಬುದಷ್ಟೇ ಅಲ್ಲಿ ಮುಖ್ಯ.

ಪ್ರಾಣಿಗಳನ್ನು ಕುರಿತ ವ್ಯಾಪಾರದ ವಿಷಯದಲ್ಲಿ ನಮ್ಮ ಆಚಾರ್ಯರು ಬಹು ಹಿಂದೆಯೇ ಎಚ್ಚರಿಕೆ ನೀಡಿದ್ದಾರೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ತಿರ್ಯಂಚ ಜೀವಿಗಳಿಗೆ ಕ್ಲೇಶವನ್ನು ತರುವ ಮಾತುಕತೆಯನ್ನೂ ಪಾಪೋಪದೇಶವೆಂಬ ಅನರ್ಥದಂಡದಲ್ಲಿ ಸೇರಿಸಿದರು. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು 12ನೆಯ ಶತಮಾನದ ‘ಯೋಗಶಾಸ್ತ್ರ’ದಲ್ಲಿ ಶ್ರಾವಕನು ಬಿಡಬೇಕಾದ 15 ಕರ್ಮಾದಾನಗಳನ್ನು ವಿವರಿಸುವಾಗ, ಹಣಕ್ಕಾಗಿ ಗಿಳಿ, ಬೆಕ್ಕು, ನಾಯಿ, ಕೋಳಿ, ನವಿಲು ಮುಂತಾದವುಗಳನ್ನು ಸಾಕುವುದನ್ನು ಅಸತೀಪೋಷಣವೆಂದು ಹೆಸರಿಸಿದರು. ಇಂದು ನಗರಗಳಲ್ಲಿ ‘ಶುದ್ಧ ತಳಿ’ಯ ನಾಯಿಮರಿಗಳ ಮಾರಾಟವು ದೊಡ್ಡ ವ್ಯಾಪಾರವಾಗಿರುವಾಗ ಈ ನಿಷೇಧದ ಅರ್ಥವನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಮುಚ್ಚಿದ ವಂಶಾವಳಿ

ಮನುಷ್ಯನು ನಾಯಿಯನ್ನು ಸಹಸ್ರಾರು ವರ್ಷಗಳಿಂದ ಸಾಕುತ್ತ ಬಂದಿದ್ದರೂ ತಳಿಯೆಂಬ ಇಂದಿನ ಕಲ್ಪನೆಯ ವಯಸ್ಸು ಹೆಚ್ಚೆಂದರೆ ಒಂದೂವರೆ ಶತಮಾನ. ಹಿಂದೆ ಕುರಿ ಕಾಯುವ, ಬೇಟೆಯಾಡುವ, ಮನೆ ಕಾಯುವ ನಾಯಿಗಳನ್ನು ಅವುಗಳ ಕೆಲಸದಿಂದ ಗುರುತಿಸುತ್ತಿದ್ದರು. ಕೆಲಸಕ್ಕೆ ಬಾರದಷ್ಟು ದುರ್ಬಲವಾದ ನಾಯಿಯಿಂದ ಸಂತತಿ ಬೆಳೆಯುವುದು ಅಪರೂಪವಾಗಿತ್ತು. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಶ್ವಾನ ಪ್ರದರ್ಶನ ನಡೆಯಿತು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಗಿ ನಾಯಿಗಳ ವಂಶಾವಳಿಯ ಪುಸ್ತಕ ಸಿದ್ಧವಾಯಿತು. ಆಮೇಲೆ ನಾಯಿಗೆ ಬೆಲೆ ಬಂದದ್ದು ಕೆಲಸದಿಂದಲ್ಲ, ರೂಪದಿಂದ. ಪುಸ್ತಕದಲ್ಲಿ ಹೆಸರಿಲ್ಲದ ನಾಯಿ ಎಷ್ಟೇ ಆರೋಗ್ಯವಂತವಾಗಿದ್ದರೂ ಆ ವಂಶಕ್ಕೆ ಹೊರಗಿನದಾಯಿತು.

ಇದರ ಪರಿಣಾಮವನ್ನು ತಿಳಿಯಲು ಅನುವಂಶೀಯತೆಯ ನಿಯಮವನ್ನು ಸ್ವಲ್ಪ ನೋಡಬೇಕು. ನಾಯಿಯ ಜೀವಕೋಶದಲ್ಲಿ 39 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಅನೇಕ ದೋಷಗಳು ಒಂದು ಕಡೆಯಿಂದ ಮಾತ್ರ ಬಂದರೆ ಹೊರಗೆ ಕಾಣದೆ ಅಡಗಿರುತ್ತವೆ. ಅಡಗಿದ ಅದೇ ದೋಷವು ತಾಯಿ ತಂದೆ ಇಬ್ಬರಲ್ಲಿಯೂ ಇದ್ದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ರೋಗಿಯಾಗಿ ಹುಟ್ಟುತ್ತದೆ. ಹೊರಗಿನ ಸಂಬಂಧವಿದ್ದಾಗ ಇಂತಹ ದೋಷಗಳು ಪರಸ್ಪರ ಸಂಧಿಸುವುದು ಕಡಿಮೆ. ಪ್ರಶಸ್ತಿ ಪಡೆದ ಒಂದೇ ಗಂಡು ನಾಯಿಯಿಂದ ನೂರಾರು ಮರಿಗಳನ್ನು ಪಡೆದು, ಆ ಮರಿಗಳ ಸಂತತಿಯನ್ನೇ ಮತ್ತೆ ಕೂಡಿಸುತ್ತ ಹೋದಾಗ ಅವು ಪದೇ ಪದೇ ಸಂಧಿಸುತ್ತವೆ. ಜರ್ಮನ್ ಶೆಫರ್ಡ್ ನಾಯಿಯ ಸೊಂಟದ ಕೀಲಿನ ದೋಷ, ಡಾಬರ್‌ಮನ್ನಿನ ಹೃದಯರೋಗ, ಚಪ್ಪಟೆ ಮುಖದ ಪಗ್ ಮತ್ತು ಬುಲ್‌ಡಾಗ್‌ಗಳ ಉಸಿರಾಟದ ಕಷ್ಟ ಇವೆಲ್ಲ ಪಶುವೈದ್ಯರಿಗೆ ನಿತ್ಯದ ಅನುಭವ. ದೊಡ್ಡ ತಲೆಗಾಗಿ ಆರಿಸಿದ ಬುಲ್‌ಡಾಗ್ ತಾಯಿಗೆ ಅನೇಕ ವೇಳೆ ಶಸ್ತ್ರಚಿಕಿತ್ಸೆಯಿಲ್ಲದೆ ಪ್ರಸವವೇ ಆಗದು.

ಡಾಲ್ಮೇಶಿಯನ್ ನೀಡಿದ ಪಾಠ

ಬಿಳಿಯ ಮೈಮೇಲೆ ಕಪ್ಪು ಚುಕ್ಕೆಗಳ ಡಾಲ್ಮೇಶಿಯನ್ ತಳಿಯ ಇತಿಹಾಸವು ಈ ವಿಷಯದಲ್ಲಿ ವಿಶೇಷವಾಗಿ ಮನನೀಯ. ಆ ತಳಿಯ ನಾಯಿಗಳೆಲ್ಲವೂ ಒಂದು ದೋಷವನ್ನು ಎರಡೂ ಕಡೆಯಿಂದ ಪಡೆದಿದ್ದವು. ಅವುಗಳ ಮೂತ್ರದಲ್ಲಿ ಯೂರಿಕ್ ಆಮ್ಲ ಅಧಿಕವಾಗಿ, ಅನೇಕ ನಾಯಿಗಳು, ವಿಶೇಷವಾಗಿ ಗಂಡುಗಳು, ಮೂತ್ರದ ಹರಳಿನಿಂದ ನರಳುತ್ತಿದ್ದವು. ತಳಿಯೊಳಗೆ ನಿರ್ದೋಷವಾದ ನಾಯಿ ಇರಲಿಲ್ಲವಾದುದರಿಂದ ಒಳಗಿನ ಆಯ್ಕೆಯಿಂದ ಪರಿಹಾರ ಸಾಧ್ಯವಿರಲಿಲ್ಲ. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಪಾಯಿಂಟರ್ ತಳಿಯ ಒಂದು ನಾಯಿಯೊಡನೆ ಒಂದೇ ಬಾರಿ ಸಂಕರ ಮಾಡಿಸಿ, ಅನಂತರದ ಪ್ರತಿ ಪೀಳಿಗೆಯನ್ನೂ ಡಾಲ್ಮೇಶಿಯನ್ನಿನೊಡನೆಯೇ ಕೂಡಿಸಿದರು. ಕೆಲವು ಪೀಳಿಗೆಗಳಲ್ಲಿ ಮರಿಗಳು ನೋಟಕ್ಕೆ ಡಾಲ್ಮೇಶಿಯನ್ನೇ ಆದವು. ಹರಳಿನ ದೋಷ ಮಾತ್ರ ಇರಲಿಲ್ಲ.

ಆದರೆ ಅವು ‘ಶುದ್ಧ’ವಲ್ಲವೆಂಬ ಆಕ್ಷೇಪ ಎದ್ದಿತು. 1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಈ ವಂಶದ ಎರಡು ನಾಯಿಗಳನ್ನು ನೋಂದಾಯಿಸಿತಾದರೂ ತಳಿಪ್ರಿಯರ ವಿರೋಧದಿಂದ ಮುಂದಿನ ನೋಂದಣಿ ನಿಂತುಹೋಯಿತು. 2008ರಲ್ಲಿ ದೋಷಕ್ಕೆ ಕಾರಣವಾದ ವಂಶವಾಹಿ ಪತ್ತೆಯಾಯಿತು. 2011ರಲ್ಲಿ ಮಾತ್ರ ಆ ಕ್ಲಬ್ ಪುನಃ ಬಾಗಿಲು ತೆರೆಯಿತು. ಪರಿಹಾರ ಕೈಯಲ್ಲಿದ್ದೂ ಮೂವತ್ತು ವರ್ಷ ನಾಯಿಗಳು ನರಳಿದ್ದು ಕಾಗದದ ಮೇಲಿನ ಶುದ್ಧಿಗಾಗಿ. ಲೋಕದ ಮನಸ್ಸು ಈಗ ನಿಧಾನವಾಗಿ ಬದಲಾಗುತ್ತಿದೆ. ತಲೆಬುರುಡೆ ಕಿರಿದಾಗಿ ಮಿದುಳು, ಬೆನ್ನುಹುರಿಗಳ ನೋವಿಗೆ ಈಡಾಗುವ ಕವಾಲಿಯರ್ ನಾಯಿಯ ಸಂವರ್ಧನೆಯು ಪ್ರಾಣಿಕಲ್ಯಾಣ ಕಾಯ್ದೆಗೆ ವಿರುದ್ಧವೆಂದು ನಾರ್ವೆಯ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ತೀರ್ಪಿತ್ತಿತು.

ಬೀದರಿನ ನೆಲದಲ್ಲಿ

ಈ ಪ್ರಶ್ನೆ ದೂರ ದೇಶಗಳದ್ದೆಂದು ತಿಳಿಯುವಂತಿಲ್ಲ. ಬೀದರಿನಲ್ಲಿ 1985ರಿಂದ ಪಶುವೈದ್ಯಕೀಯ ಕಾಲೇಜಿದೆ. 2004ರ ಕಾಯ್ದೆಯಂತೆ ರೂಪುಗೊಂಡ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೂ ಬೀದರ್ ನಗರವೇ. ಮುಧೋಳ ನಾಯಿಯ ಸಂರಕ್ಷಣೆಗಾಗಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರವು ಈ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಬೇಡರ ಬೇಟೆಯ ಸಂಗಾತಿಯಾಗಿದ್ದ ಆ ನಾಯಿಗೆ ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರ ಆಶ್ರಯ ದೊರೆಯಿತು. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂದಿತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆ ಹೋದವು. 2020ರಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಅದನ್ನು ಹೆಸರಿಸಿದರು. ಕೀರ್ತಿ ಹೆಚ್ಚಿದಷ್ಟೂ ಬೇಡಿಕೆ ಹೆಚ್ಚುತ್ತದೆ. ಬೇಡಿಕೆ ಹೆಚ್ಚಿದಾಗ ಕೆಲವೇ ನಾಯಿಗಳಿಂದ ಬೇಗ ಬೇಗ ಮರಿ ಪಡೆಯುವ ಆಸೆ ಹುಟ್ಟುತ್ತದೆ. ವಂಶಾವಳಿಯ ದಾಖಲೆ ನಾಡ ತಳಿಗೆ ರಕ್ಷಣೆಯಾಗಬಲ್ಲದು; ಅದು ಮುಚ್ಚಿದ ಬಾಗಿಲಾದರೆ ಡಾಲ್ಮೇಶಿಯನ್ನಿನ ಗತಿ ಇದಕ್ಕೂ ತಪ್ಪದು.

ಬೇರೆ ದಾರಿಯ ನಿದರ್ಶನ ಭಾಲ್ಕಿ, ಔರಾದ್ ತಾಲ್ಲೂಕುಗಳ ಹೊಲಗಳಲ್ಲಿಯೇ ಇದೆ. ಅಲ್ಲಿನ ದೇವಣಿ ರಾಸುಗಳು ಉಳುಮೆಗೂ ಹಾಲಿಗೂ ಹೆಸರಾದವು. ಅಚ್ಚ ಬಿಳಿಯ ಬಾಲಂಕ್ಯಾ, ಬಿಳಿಯ ಮೈ ಕಪ್ಪು ಮೋರೆಯ ವಾನೇರಾ, ಕಪ್ಪು ಮಚ್ಚೆಗಳ ಶೇವೇರಾ ಮೂರೂ ದೇವಣಿಯೇ. ಒಕ್ಕಲಿಗನು ಬಣ್ಣದ ಭೇದವನ್ನು ಗುರುತಿಸಿ ಹೆಸರಿಟ್ಟನೇ ಹೊರತು ಬಣ್ಣಕ್ಕಾಗಿ ಯಾವುದನ್ನೂ ಕುಲದಿಂದ ಹೊರಗಿಡಲಿಲ್ಲ. ಕಾಲಿನ ಬಲ, ಕೆಚ್ಚಲಿನ ಗುಣ, ಬೇಸಗೆಯನ್ನು ತಾಳುವ ಶಕ್ತಿ ಇವು ಅವನ ಲಕ್ಷಣಶಾಸ್ತ್ರ. ವೈವಿಧ್ಯವನ್ನು ಒಳಗೊಂಡೇ ತಳಿಯೊಂದು ಉಳಿಯಬಲ್ಲದೆಂಬುದಕ್ಕೆ ದೇವಣಿ ಸಾಕ್ಷಿ.

ಶ್ರಾವಕನ ಹೊಣೆ

ರೋಗಿಯಾಗಿ ಹುಟ್ಟುವುದು ಆ ಜೀವದ ಅಸಾತಾವೇದನೀಯ ಕರ್ಮದ ಉದಯವಲ್ಲವೆ, ಅದಕ್ಕೆ ಮನುಷ್ಯನು ಹೇಗೆ ಹೊಣೆ ಎಂದು ಕೆಲವರು ಕೇಳಬಹುದು. ಕರ್ಮವು ಆ ಜೀವದ್ದೇ, ನಿಜ. ಆದರೆ ಪರರಿಗೆ ದುಃಖ, ಶೋಕ, ಆಕ್ರಂದನಗಳನ್ನು ಉಂಟುಮಾಡುವುದು ಹಾಗೆ ಮಾಡಿದವನಿಗೇ ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯವು ತಿಳಿಸುತ್ತದೆ. ಕೊಲ್ಲುವವನು ಸಹ ಸತ್ತ ಜೀವದ ಆಯುಷ್ಯ ಮುಗಿದಿತ್ತೆಂದು ಹೇಳಿ ಪಾರಾಗಲಾರನು. ನೋವು ಬರುವುದೆಂದು ತಿಳಿದೂ ಜೋಡಿಯನ್ನು ಕೂಡಿಸಿದವನು ನಿಮಿತ್ತನಾಗುತ್ತಾನೆ.

ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಮರಿ ಮಾರುವವನು ಮಾಡಿದವನಾದರೆ, ಚಪ್ಪಟೆ ಮೂಗಿನ ಮರಿಯೇ ಬೇಕೆಂದು ಹಣ ಕೊಟ್ಟವನು ಮಾಡಿಸಿದವನು, ಮೆಚ್ಚಿ ಹೊಗಳಿದವನು ಅನುಮೋದಿಸಿದವನು. ಅಂದಕ್ಕಾಗಿ ಬಾಲವನ್ನೋ ಕಿವಿಯನ್ನೋ ಕತ್ತರಿಸುವುದಂತೂ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದಾದ ಛೇದವೇ ಸರಿ.

ನಾಯಿಯನ್ನು ಸಲಹುವುದು ದೋಷವಲ್ಲ; ಬೀದಿಯ ಅನಾಥ ಮರಿಯನ್ನು ಸಲಹುವುದು ಜೀವದಯೆಯೇ ಆಗಿದೆ. ತಳಿಯ ನಾಯಿಯೇ ಬೇಕೆನ್ನುವವರು ಪ್ರಶಸ್ತಿಪತ್ರಕ್ಕೆ ಬದಲು ತಾಯಿ ತಂದೆಗಳ ಆರೋಗ್ಯವನ್ನೂ ಅವುಗಳ ಪರಸ್ಪರ ರಕ್ತಸಂಬಂಧವನ್ನೂ ವಿಚಾರಿಸಬೇಕು. ಕೇಂದ್ರ ಸರ್ಕಾರದ 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳು ತಳಿಗಾರನು ನೋಂದಾಯಿಸಿಕೊಳ್ಳಬೇಕೆಂದೂ ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದೂ ವಿಧಿಸಿವೆ. ಜೀವದಯೆಗಾಗಿ ದಾನವನ್ನು ವಿನಿಯೋಗಿಸುವ ಬಸದಿಗಳ ಟ್ರಸ್ಟುಗಳು, ರೋಗ ಕಂಡೊಡನೆ ಮನೆಯಿಂದ ಹೊರದೂಡಲ್ಪಟ್ಟ ಇಂತಹ ಮೂಕಜೀವಿಗಳ ಚಿಕಿತ್ಸೆಗೂ ಒಂದು ಪಾಲನ್ನು ಮೀಸಲಿಡುವುದು ಯುಕ್ತ. ಜೈನ ದರ್ಶನದಲ್ಲಿ ಶುದ್ಧಿ ಎಂಬುದು ಆತ್ಮದ ಗುಣ. ಅದನ್ನು ರೋಮದ ಬಣ್ಣದಲ್ಲಿಯೂ ಮೂಗಿನ ಆಕಾರದಲ್ಲಿಯೂ ಅರಸಿದವರ ತಪ್ಪಿಗೆ ಬೆಲೆ ತೆರುತ್ತಿರುವುದು ಮಾತು ಬಾರದ ಜೀವ.